ಕೆರೆ ಲೈನಿಗೆ ಕರೆಂಟ್ ಕೊಟ್ಟವರು ಯಾರು

ದಾಸನಕಟ್ಟೆ ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡಬೇಕೆಂದರೆ ಬೈಸಿಕೊಳ್ಳಲು ಬರಬೇಕು. ಪ್ರೇಮಲತಾಗೆ ಅದು ತಾನಾಗಿ ಬಂದದ್ದಲ್ಲ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಕುಣಿಗಲ್ಲಿಗೆ ಬಂದವಳು. ಅಮೃತೂರಿನ ದಾರಿಯಲ್ಲಿರುವ ಈ ಸಬ್‌ಸ್ಟೇಷನ್ನಿಗೆ ಆಪರೇಟರ್ ಆಗಿ ಸೇರಿದ ಹೊಸತರಲ್ಲಿ ಫೋನಿನಲ್ಲಿ ಯಾರಾದರೂ ಗದರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ತೆಂಗಿನ ತೋಟದ ಶಿವರಾಮಯ್ಯನವರಂತೂ ದಿನಕ್ಕೊಮ್ಮೆ ಬೈಯದಿದ್ದರೆ ಅವರಿಗೇನೋ ಹುಷಾರಿಲ್ಲ ಎಂದು ಅವಳು ಅಂದುಕೊಳ್ಳುವಷ್ಟು ಅಭ್ಯಾಸವಾಯಿತು.

"ಏನಮ್ಮ, ತ್ರೀ ಫೇಸ್ ಯಾವಾಗ ಬುಡ್ತೀಯ? ಸಸಿ ಎಲ್ಲಾ ಒಣಗ್ತಾ ಅವೆ."

"ಅಮೃತೂರ್ ಕಡೆ ಲೈನ್ ಮೇಲೆ ಮಟ್ಟೆ ಬಿದ್ದದೆ ಯಜಮಾನ್ರೆ. ತೆಗೀತಾವ್ರೆ. ಊಟ ಮಾಡಿ ಬರೋದ್ರಲ್ಲಿ ಬರತ್ತೆ."

ಆಗ ಅವಳ ಬಳಿ ಉತ್ತರ ಇರುತ್ತಿತ್ತು. ಅದೇ ಅವಳ ಕೆಲಸದ ಸುಖ. ಕರೆಂಟು ಒಂದು ಕಡೆಯಿಂದ ದೊಡ್ಡ ಲೈನಿನಲ್ಲಿ ಬರುತ್ತಿತ್ತು, ಅಂಗಳದಲ್ಲಿ ನಿಂತಿದ್ದ ಟ್ರಾನ್ಸ್‌ಫಾರ್ಮರಿನ ಮೂಲಕ ಹಾದು, ನಾಲ್ಕಾರು ಸಣ್ಣ ಲೈನುಗಳಲ್ಲಿ ಹಳ್ಳಿಗಳಿಗೆ ಹೋಗುತ್ತಿತ್ತು. ಬರುವ ದಾರಿ ಒಂದೇ, ಹೋಗುವ ದಾರಿ ಒಂದೇ. ನಿಂತರೆ ಎಲ್ಲಿ ನಿಂತಿತು ಎಂದು ಹುಡುಕಬಹುದು. ಲೈನ್‌ಮ್ಯಾನ್ ಕಂಬ ಹತ್ತಬೇಕಾದರೆ ಫೋನು ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೇಳುತ್ತಿದ್ದ. ಅವಳು ಆ ಲೈನಿನ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ಬಿಡಿಸಿ, ಹೊರಗೆಳೆದು, ಬೀಗ ಜಡಿದು, "ಲೈನಿನ ಮೇಲೆ ಜನ ಇದ್ದಾರೆ" ಎಂಬ ಕೆಂಪು ಫಲಕ ನೇತುಹಾಕುತ್ತಿದ್ದಳು. ಬೀಗದ ಕೈ ತನ್ನ ಬಳಿ ಇರುವವರೆಗೆ ಆ ತಂತಿ ಸತ್ತ ತಂತಿ. ಇಷ್ಟು ಸರಳ.

ಈ ಸರಳತನ ಯಾವಾಗ ಕೆಟ್ಟಿತು ಎಂದು ಹೇಳುವುದು ಕಷ್ಟ. ಮೊದಲು ಅಮೃತೂರಿನ ಕಡೆ ಗುತ್ತಿಗೆಗೆ ಕೊಟ್ಟ ಜಮೀನಿನಲ್ಲಿ ಸೋಲಾರ್ ಪ್ಲಾಂಟ್ ಎದ್ದಿತು. ಆಮೇಲೆ ಮನೆಗಳ ಮೇಲೆ, ಶಾಲೆಯ ಮೇಲೆ, ಅಕ್ಕಿ ಗಿರಣಿಯ ಮೇಲೆ ಫಲಕಗಳು ಬಂದವು. ಮಧ್ಯಾಹ್ನ ಬಿಸಿಲೇರಿದರೆ ಅವಳ ಮೀಟರಿನಲ್ಲಿ ಅಂಕಿಯ ಹಿಂದೆ ಸಣ್ಣ ಗೆರೆಯೊಂದು ಮೂಡತೊಡಗಿತು. ಹಳ್ಳಿಗೆ ಹೋಗಬೇಕಾದ ಕರೆಂಟು ಹಳ್ಳಿಯಿಂದ ಬರುತ್ತಿದೆ ಎಂದು ಅದರ ಅರ್ಥ. ಅವಳು ಮೊದಲ ಸಲ ನೋಡಿದಾಗ ಮೀಟರ್ ಕೆಟ್ಟಿದೆ ಎಂದು ದೂರು ಕೊಟ್ಟಿದ್ದಳು. ಆಮೇಲೆ ಕಂಬಗಳ ಮೇಲೆ ಬೂದು ಬಣ್ಣದ ಪೆಟ್ಟಿಗೆಗಳು ಬಂದು ಕೂತವು. ಅವುಗಳೊಳಗೆ ತಮ್ಮಷ್ಟಕ್ಕೆ ತಾವೇ ಆನ್ ಆಫ್ ಆಗುವ ಸ್ವಿಚ್ಚುಗಳು. ಅವನ್ನು ನೋಡಿಕೊಳ್ಳಲು ತುಮಕೂರಿನಲ್ಲೊಂದು ಕಂಟ್ರೋಲ್ ರೂಮ್. ಅಲ್ಲಿ ಒಂದು ದಿನದ ತರಬೇತಿಗೆ ಕರೆದಾಗ, ಸಿಸ್ಟಮ್ ಮಾರಿದ ಕಂಪನಿಯಿಂದ ಬಂದಿದ್ದವನು ದೊಡ್ಡ ಪರದೆಯ ಮೇಲೆ ಬಣ್ಣದ ಗೆರೆಗಳನ್ನು ತೋರಿಸಿ ಹೇಳಿದ, "ಇನ್ಮೇಲೆ ಒಂದು ಕಡೆ ಲೈನ್ ಕಟ್ ಆದ್ರೆ ಸಿಸ್ಟಮ್ ತಾನೇ ಬೇರೆ ದಾರಿ ಹುಡ್ಕಿ ಕರೆಂಟ್ ಕೊಡತ್ತೆ. ನೀವು ಏನೂ ಮಾಡಂಗಿಲ್ಲ."

ಏನೂ ಮಾಡಂಗಿಲ್ಲ ಎಂದದ್ದು ಸುಳ್ಳಾಯಿತು. ಮಾಡುವುದು ಎರಡರಷ್ಟಾಯಿತು. ಬ್ರೇಕರ್ ಬಿಡಿಸುವ ಮೊದಲು ತುಮಕೂರಿಗೆ ಹೇಳಬೇಕು. ಬಿಡಿಸಿದ ಮೇಲೆ ಹೇಳಬೇಕು. ಅವರು ಪರದೆಯ ಮೇಲೆ ಆ ಲೈನಿಗೆ ಟ್ಯಾಗ್ ಹಾಕುತ್ತಾರೆ, ಕೆಂಪು ಫಲಕದ ಹಾಗೆ. ಟ್ಯಾಗ್ ಬಿದ್ದ ಲೈನನ್ನು ಸಿಸ್ಟಮ್ ಮುಟ್ಟುವುದಿಲ್ಲ. ಇದರ ನಡುವೆ ತುಮಕೂರಿನಿಂದ ಬರುವ ಫೋನುಗಳು ಬೇರೆ.

"ಮೇಡಂ, ನಿಮ್ಮ ಮೂರನೇ ಬ್ರೇಕರ್ ಆಫ್ ತೋರಿಸ್ತಿದೆ," ಎನ್ನುತ್ತಿದ್ದಳು ಕಂಟ್ರೋಲ್ ರೂಮಿನ ಇಂಜಿನಿಯರ್ ಶೃತಿ. ಕೆಲಸಕ್ಕೆ ಸೇರಿ ಬಹಳ ದಿನವಾಗಿರದ ಹುಡುಗಿ.

"ನಾನು ಅದರ ಎದುರಿಗೇ ನಿಂತಿದೀನಿ. ಆನ್ ಇದೆ."

"ಸಿಸ್ಟಮ್‌ನಲ್ಲಿ ಆಫ್ ಇದೆಯಲ್ಲ ಮೇಡಂ."

"ಹಂಗಾದ್ರೆ ಸಿಸ್ಟಮ್‌ನ ಇಲ್ಲಿಗೆ ಕಳ್ಸಿ, ಕಣ್ಣಾರೆ ನೋಡ್ಕೊಂಡು ಹೋಗ್ಲಿ."

ಹೀಗೆ ಅಂದು ಫೋನಿಟ್ಟ ಮೇಲೆ ಅವಳಿಗೇ ಬೇಸರವಾಗುತ್ತಿತ್ತು. ಯಾಕೆಂದರೆ ಸಿಸ್ಟಮ್ ಯಾವಾಗಲೂ ತಪ್ಪಿರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಮರ ಬಿದ್ದು ಅಮೃತೂರಿನ ಲೈನ್ ಹರಿದಾಗ, ಅವಳು ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ಅರ್ಧ ಊರಿಗೆ ಬೇರೆ ಕಡೆಯಿಂದ ಕರೆಂಟು ಬಂದುಬಿಟ್ಟಿತ್ತು. ಲೈನ್ ಎಲ್ಲಿ ಹರಿದಿದೆ ಎಂದು ಅವಳು ಹೇಳಿದ ಜಾಗಕ್ಕೆ ಲೈನ್‌ಮ್ಯಾನ್ ಅಣ್ಣಯ್ಯಪ್ಪ ಹೋಗಿ ಹುಡುಕಿ ಸುಸ್ತಾದ. ಶೃತಿ ಹೇಳಿದ ಜಾಗದಲ್ಲಿ ಸಿಕ್ಕಿತು. ಹಾಗಾಗಿ ಪೂರ್ತಿ ಬೈಯುವ ಹಕ್ಕೂ ಪ್ರೇಮಲತಾಗೆ ಇರಲಿಲ್ಲ. ಅದು ಇನ್ನೂ ಕಿರಿಕಿರಿ.

ಶಿವರಾಮಯ್ಯನವರ ಪ್ರಶ್ನೆಗೆ ಮಾತ್ರ ಈಗ ಉತ್ತರ ಇಲ್ಲವಾಯಿತು.

"ಯಾಕಮ್ಮ ಹೋಯ್ತು?"

"ಗೊತ್ತಿಲ್ಲ ಯಜಮಾನ್ರೆ. ತುಮಕೂರಲ್ಲಿ ಕೇಳ್ಬೇಕು."

"ಮತ್ತೆ ನೀನು ಯಾತಕ್ಕೆ ಕುಂತಿದ್ದೀಯ ಅಲ್ಲಿ?"

ಕುಂತಿರುವುದೂ ಹೆಚ್ಚು ದಿನ ಅಲ್ಲವೆಂದು ಸುದ್ದಿಯಿತ್ತು. ದಾಸನಕಟ್ಟೆಯಂಥ ಸಬ್‌ಸ್ಟೇಷನ್ನುಗಳಿಗೆ ಮುಂದೆ ಆಪರೇಟರುಗಳೇ ಬೇಡವಂತೆ, ಎಲ್ಲವನ್ನೂ ತುಮಕೂರಿನಿಂದಲೇ ನಡೆಸುತ್ತಾರಂತೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಆ ಶ್ರಾವಣದ ಮೋಡದ ಬೆಳಿಗ್ಗೆ ಅಣ್ಣಯ್ಯಪ್ಪ ಫೋನು ಮಾಡಿದ. ಕೆರೆ ಏರಿ ದಾಟಿ ಆಚೆ, ತೋಟದ ಸಾಲಿನಲ್ಲಿ ಒಂದು ಕಂಬದ ಮೇಲೆ ತಂತಿ ಹಿಡಿದಿಡುವ ಪಿಂಗಾಣಿ ಒಡೆದಿತ್ತು.

"ಪ್ರೇಮಮ್ಮ, ಕೆರೆ ಲೈನ್ ಎಲ್‌ಸಿ ಕೊಡಿ. ಪಿಂಗಾಣಿ ಬದ್ಲಾಯಿಸ್ಬೇಕು. ರಂಗನಾಥನೂ ಇದಾನೆ ಜೊತೆಗೆ."

ಪ್ರೇಮಲತಾ ತುಮಕೂರಿಗೆ ಹೇಳಿದಳು. ಬ್ರೇಕರ್ ಬಿಡಿಸಿದಳು, ಹೊರಗೆಳೆದಳು, ಬೀಗ ಹಾಕಿದಳು, ಫಲಕ ತೂಗಿಸಿದಳು. ಮತ್ತೆ ತುಮಕೂರಿಗೆ ಫೋನು ಹಚ್ಚಿ, "ಕೆರೆ ಲೈನ್ ಮೇಲೆ ಜನ ಇದಾರೆ, ಟ್ಯಾಗ್ ಹಾಕಿ" ಎಂದಳು.

"ಕೆರೆ ಫೀಡರ್, ಟ್ಯಾಗ್ ಹಾಕಿದೀನಿ ಮೇಡಂ," ಎಂದಳು ಶೃತಿ.

ಆಮೇಲೆ ಅಣ್ಣಯ್ಯಪ್ಪನಿಗೆ. "ಎಲ್‌ಸಿ ಕೊಟ್ಟಿದೀನಿ ಅಣ್ಣ. ಟೆಸ್ಟ್ ಮಾಡಿ, ಅರ್ಥ್ ರಾಡ್ ಹಾಕ್ಕೊಂಡೇ ಹತ್ತಿ."

ಅರ್ಥ್ ರಾಡ್ ಎಂದರೆ ತಂತಿಗೆ ಸಿಕ್ಕಿಸಿ ನೆಲಕ್ಕೆ ಬಿಡುವ ಸರಪಳಿಯಂಥದು. ಆಕಸ್ಮಿಕವಾಗಿ ಕರೆಂಟು ಬಂದರೆ ನೆಲಕ್ಕೆ ಹೋಗಲಿ ಎಂದು ಹಾಕುವುದು. ಹೊರುವುದಕ್ಕೆ ಭಾರ, ಸಿಕ್ಕಿಸುವುದಕ್ಕೆ ರೇಜಿಗೆ.

"ಒಂದು ಪಿಂಗಾಣಿಗೆ ಅದ್ಯಾಕ್ ಪ್ರೇಮಮ್ಮ? ಬೀಡಿ ಸೇದೋದ್ರೊಳಗೆ ಮುಗಿಯೋ ಕೆಲ್ಸ."

"ಹಾಕೊಳ್ಳಿ ಅಂದ್ರೆ ಹಾಕೊಳ್ಳಿ. ಹಾಕಿ ಫೋನ್ ಮಾಡಿ. ಮಾಡೋವರ್ಗೂ ಹತ್ತೋಹಂಗಿಲ್ಲ."

"ನಿಮ್ಮದೊಳ್ಳೆ ಕಾಟ ಆಯ್ತಲ್ಲ," ಎಂದು ಗೊಣಗಿಕೊಂಡೇ ಅವನು ಹಾಕಿದ. ಹಾಕಿ ಫೋನು ಮಾಡಿದ. ಹತ್ತಿದ.

ಅವಳು ಚಹಾ ಬಗ್ಗಿಸಿಕೊಂಡು ಕೂತಳು. ಹೊರಗೆ ಮೋಡ ಸರಿದು, ಅಂಗಳದ ಜಲ್ಲಿಕಲ್ಲಿನ ಮೇಲೆ ಬಿಸಿಲು ಚೆಲ್ಲಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೆಳಗೆ ನಿಂತಿದ್ದ ಲೈನ್‌ಮ್ಯಾನ್ ರಂಗನಾಥ. ಅವನ ಮಾತು ಒಂದಕ್ಕೊಂದು ಕೂಡುತ್ತಿರಲಿಲ್ಲ.

"ಮೇಡಂ, ಕರೆಂಟ್ ಬಂತು ಮೇಡಂ. ಕರೆಂಟ್ ಬಂದ್ಬುಡ್ತು. ಅಣ್ಣಯ್ಯಪ್ಪಣ್ಣ ಬೆಲ್ಟ್‌ನಲ್ಲಿ ನೇತಾಡ್ತಾ ಅವ್ನೆ."

"ಬರೋಕಾಗಲ್ಲ," ಎಂದಳು ಪ್ರೇಮಲತಾ. ಅವಳ ಕಾಲು ತಾನಾಗಿ ಬ್ರೇಕರಿನ ಕಡೆ ಓಡಿತು. ಬ್ರೇಕರ್ ಹೊರಗೇ ಇತ್ತು. ಬೀಗ ಹಾಗೇ ಇತ್ತು. ಫಲಕ ಹಾಗೇ ತೂಗುತ್ತಿತ್ತು. ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು. "ಬರೋಕಾಗಲ್ಲ ರಂಗನಾಥ. ಕೀ ನನ್ನ ಕೈಯಲ್ಲಿದೆ."

"ಬಂತು ಮೇಡಂ. ಬೆಂಕಿ ಹಾರ್ತು. ನಾನ್ ನೋಡ್ದೆ."

ಅವಳು ಎಲ್ಲ ಲೈನುಗಳ ಬ್ರೇಕರುಗಳನ್ನೂ ಬಿಡಿಸಿಬಿಟ್ಟಳು. ಸಬ್‌ಸ್ಟೇಷನ್ ಪೂರ್ತಿ ಕತ್ತಲಾಯಿತು. ಯಾವುದರಿಂದ ಬರುತ್ತಿದೆ ಎಂದು ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಬಿಡಿಸುವುದೊಂದೇ ಅವಳಿಗೆ ಹೊಳೆದದ್ದು. ತುಮಕೂರಿಗೆ ಫೋನು ಹಚ್ಚಿ, "ಆ ಕಡೆಯಿಂದ ಬರೋದೆಲ್ಲಾ ನಿಲ್ಸಿ, ಏನೇನಿದ್ಯೋ ಎಲ್ಲಾ ನಿಲ್ಸಿ" ಎಂದಳು. ಶೃತಿ ಕಾರಣ ಕೇಳದೆ ನಿಲ್ಲಿಸಿದಳು. ಎಲ್ಲ ನಿಂತಿದೆ ಎಂದು ಖಾತ್ರಿಯಾದ ಮೇಲೆ ರಂಗನಾಥ ಹತ್ತಿ, ತೋಟದವರ ಸಹಾಯದಿಂದ ಅಣ್ಣಯ್ಯಪ್ಪನನ್ನು ಇಳಿಸಿದ.

ಅರ್ಥ್ ರಾಡ್ ಉಳಿಸಿತ್ತು. ಬಂದ ಕರೆಂಟಿನ ಬಹುಪಾಲು ಸರಪಳಿಯಲ್ಲಿ ನೆಲಕ್ಕಿಳಿದು, ಆ ಕಡೆಯ ಸ್ವಿಚ್ಚು ತಕ್ಷಣ ಕಡಿದುಕೊಂಡಿತ್ತು. ಆದರೂ ಹಾರಿದ ಬೆಂಕಿಗೆ ಅಣ್ಣಯ್ಯಪ್ಪನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಕಿವಿ ಕೇಳುತ್ತಿರಲಿಲ್ಲ.

ಬದಲಿ ಆಪರೇಟರ್ ಬಂದ ಮೇಲೆ ಪ್ರೇಮಲತಾ ಕುಣಿಗಲ್ಲಿನ ಆಸ್ಪತ್ರೆಗೆ ಹೋದಳು. ಅಣ್ಣಯ್ಯಪ್ಪನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು, ತುಮಕೂರಿಗೆ ಕಳಿಸಲು ಆಂಬುಲೆನ್ಸ್ ಸಿದ್ಧವಾಗುತ್ತಿತ್ತು. ವರಾಂಡದ ಬೆಂಚಿನ ಮೇಲೆ ಅವನ ಹೆಂಡತಿ ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಪ್ರೇಮಲತಾಳನ್ನು ಕಂಡು ಎದ್ದಳು.

"ನೀವೇ ಏನವ್ವ ಕರೆಂಟ್ ಕೊಟ್ಟಿದ್ದು?"

"ನಾನು ಕೊಡ್ಲಿಲ್ಲಮ್ಮ. ನಾನು ಬೀಗ ಹಾಕಿದ್ದೆ."

"ಹಂಗಾದ್ರೆ ತುಮಕೂರ್‌ನೋರಾ?"

"ಅವ್ರೂ ಕೊಡ್ಲಿಲ್ವಂತೆ."

"ಮತ್ತೆ ಯಾರ್ ಕೊಟ್ರು?"

ಪುಟ್ಟತಾಯಮ್ಮ ಜಗಳಕ್ಕೆ ಕೇಳುತ್ತಿರಲಿಲ್ಲ. ಗಂಡನ ಕೈ ಸುಟ್ಟವರು ಯಾರೆಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ಕುಡಿದು ಗಾಡಿ ಗುದ್ದಿದವನೋ, ಮರೆತು ಸ್ವಿಚ್ ಒತ್ತಿದವನೋ, ಯಾರೋ ಒಬ್ಬ ಇದ್ದಿದ್ದರೆ ಬೈದಾದರೂ ಹಗುರವಾಗುತ್ತಿದ್ದಳು. "ಯಾರೂ ಕೊಡ್ಲಿಲ್ಲ, ಬಂತು" ಎಂದು ಯಾವ ಬಾಯಲ್ಲಿ ಹೇಳುವುದು? ಆಂಬುಲೆನ್ಸ್ ಬಂತು. ಮಾತು ಅಲ್ಲಿಗೇ ನಿಂತಿತು.

ಆ ರಾತ್ರಿ ಮನೆಯಲ್ಲಿ ಗಂಡ ನಾಗೇಶ್ ಅನ್ನ ಬಡಿಸಿಕೊಟ್ಟ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮಷೀನ್ ನೋಡಿಕೊಳ್ಳುವವನು.

"ನಿನ್ ತಪ್ಪಿಲ್ಲ ತಾನೆ? ಮತ್ಯಾಕ್ ಇಷ್ಟೊಂದು ತಲೆಗೆ ಹಚ್ಕೊಂಡಿದ್ದೀಯ?"

"ನನ್ ತಪ್ಪಿದ್ದಿದ್ರೆ ಚೆನ್ನಾಗಿರ್ತಿತ್ತು," ಎಂದಳು. ನಾಗೇಶನಿಗೆ ಅರ್ಥವಾಗಲಿಲ್ಲ. ಅವಳಿಗೂ ಬಿಡಿಸಿ ಹೇಳುವ ಚೈತನ್ಯ ಇರಲಿಲ್ಲ.

ವಿಚಾರಣೆ ತುಮಕೂರಿನಲ್ಲಿ ನಡೆಯಿತು. ಹಿರಿಯ ಇಂಜಿನಿಯರ್ ಮಹಾದೇವಯ್ಯನವರು ಮೇಜಿನ ತುದಿಯಲ್ಲಿ ಕೂತಿದ್ದರು. ಸಿಸ್ಟಮ್ ಮಾರಿದ ಕಂಪನಿಯವನು ಲ್ಯಾಪ್‌ಟಾಪ್ ಬಿಚ್ಚಿಕೊಂಡಿದ್ದ. ಶೃತಿ ಅತ್ತು ಅತ್ತು ಕಣ್ಣು ಊದಿಸಿಕೊಂಡು ಮೂಲೆಯಲ್ಲಿದ್ದಳು. ಅಲ್ಲಿ ಗೊತ್ತಾದದ್ದು ಇಷ್ಟು.

ಹಳ್ಳಿಯವರೂ ಲೈನ್‌ಮ್ಯಾನುಗಳೂ ಪ್ರೇಮಲತಾಳೂ ಕೆರೆ ಲೈನ್ ಎಂದು ಕರೆಯುತ್ತಿದ್ದದ್ದು ಒಂದೇ ಲೈನಾಗಿ ಉಳಿದಿರಲಿಲ್ಲ. ಸೋಲಾರ್ ಪ್ಲಾಂಟ್ ಬಂದಾಗ ಏರಿಯ ಮೇಲೊಂದು ಪೆಟ್ಟಿಗೆ ಕೂರಿಸಿ ಅದನ್ನು ಎರಡು ಮಾಡಿದ್ದರು. ಏರಿಯ ಈಚಿನ ತುಂಡಿಗೆ ಪರದೆಯ ಮೇಲೆ ಕೆರೆ ಫೀಡರ್ ಎಂಬ ಹೆಸರೇ ಉಳಿಯಿತು. ಆಚಿನ ತುಂಡಿಗೆ ಸೋಲಾರ್ ಕೆಲಸದ ಜೊತೆ ಬಂದ ಯಾವುದೋ ನಂಬರು ಬಿತ್ತು. ಶೃತಿ ಟ್ಯಾಗ್ ಹಾಕಿದ್ದು ಕೆರೆ ಫೀಡರಿಗೆ. ಅಣ್ಣಯ್ಯಪ್ಪ ಹತ್ತಿದ್ದು ಏರಿಯ ಆಚೆ. ಸಿಸ್ಟಮ್ಮಿನ ಲೆಕ್ಕದಲ್ಲಿ ಆಚಿನ ತುಂಡು, ಪಾಪ, ಯಾರದೋ ಕೆಲಸಕ್ಕಾಗಿ ಸುಮ್ಮನೆ ಕತ್ತಲಲ್ಲಿ ಕೂತ ಲೈನು. ಅದಕ್ಕೆ ಅಮೃತೂರಿನ ಕಡೆಯಿಂದ ಕರೆಂಟು ಕೊಡಲು, ಬ್ರೇಕರ್ ಬಿಡಿಸಿದಾಗಿನಿಂದಲೂ ಸಿಸ್ಟಮ್ ಕಾಯುತ್ತಿತ್ತು. ಆದರೆ ಮೋಡ ಇದ್ದದ್ದರಿಂದ ಆ ಕಡೆಯ ಲೈನಿಗೆ ಭಾರ ಹೊರುವ ಶಕ್ತಿ ಇರಲಿಲ್ಲ. ಮೋಡ ಸರಿಯಿತು. ಸೋಲಾರ್ ಪ್ಲಾಂಟಿನಿಂದ ಕರೆಂಟು ಹೆಚ್ಚಿತು. ಈಗ ಹೊರಬಹುದು ಎಂದು ಲೆಕ್ಕ ಹಾಕಿ ಸಿಸ್ಟಮ್ ಸ್ವಿಚ್ಚು ಕೂಡಿಸಿತು.

"ಸಿಸ್ಟಮ್ ಡಿಸೈನ್ ಪ್ರಕಾರವೇ ಕೆಲಸ ಮಾಡಿದೆ ಸರ್," ಎಂದ ಕಂಪನಿಯವನು. ಅವನ ಧ್ವನಿಯಲ್ಲಿ ಅಹಂಕಾರ ಇರಲಿಲ್ಲ. ಅದು ನಿಜವೇ ಆಗಿತ್ತು.

ಪ್ರೇಮಲತಾ ತನ್ನ ಕೆಲಸ ಸರಿಯಾಗಿ ಮಾಡಿದ್ದಳು. ಶೃತಿ ತನಗೆ ಹೇಳಿದ ಹೆಸರಿಗೆ ಸರಿಯಾಗಿ ಟ್ಯಾಗ್ ಹಾಕಿದ್ದಳು. ನಂಬರು ಕೊಟ್ಟವರು ನಿಯಮದ ಪ್ರಕಾರ ಕೊಟ್ಟಿದ್ದರು. ಪೆಟ್ಟಿಗೆ ಕೂರಿಸಿದ ಗುತ್ತಿಗೆದಾರ ನಕ್ಷೆಯಲ್ಲಿದ್ದ ಕಂಬಕ್ಕೇ ಕೂರಿಸಿದ್ದ. ಎಲ್ಲರದೂ ಸರಿ. ಅಣ್ಣಯ್ಯಪ್ಪನ ಕೈ ಸುಟ್ಟಿತ್ತು.

ಮಹಾದೇವಯ್ಯನವರು ಒಂದು ಹೇಳಿಕೆ ಬರೆಸಿ ಇಬ್ಬರು ಹೆಂಗಸರ ಕಡೆ ತಳ್ಳಿದರು. ಸಂವಹನದ ಕೊರತೆಯಿಂದ ಅವಘಡ ಸಂಭವಿಸಿದೆ ಎಂದಿತ್ತು. ಶೃತಿ ಪೆನ್ನು ತೆಗೆದಳು. ಪ್ರೇಮಲತಾ ಅವಳ ಕೈ ಹಿಡಿದಳು.

"ಸರ್, ಕೊರತೆ ಅಂದ್ರೆ ನಾವಿಬ್ರು ಮಾತಾಡ್ಲಿಲ್ಲ ಅಂತ. ನಾವು ಮಾತಾಡಿದ್ವಿ. ನಾನು ಹೇಳಿದ್ದು ಅವ್ರಿಗೆ ಕೇಳಿಸ್ತು, ಅವ್ರು ಹೇಳಿದ್ದು ನಂಗೆ ಕೇಳಿಸ್ತು. ಇದಕ್ಕೆ ನಾನು ಸೈನ್ ಹಾಕಲ್ಲ."

"ಮತ್ತೆ ಏನಂತ ಬರೀಲಮ್ಮ?" ಮಹಾದೇವಯ್ಯ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಯಾರ ತಪ್ಪು ಅಂತ ಬರೀಲಿ? ನೀವೇ ಹೇಳಿ."

"ಅದು ನಂಗೊತ್ತಿಲ್ಲ ಸರ್. ಆದ್ರೆ ಕಂಬದ ಮೇಲೆ ಇರೋನಿಗೆ ಒಂದ್ ಹೆಸರು, ಪರದೆ ಮೇಲೆ ಒಂದ್ ಹೆಸರು ಇದ್ರೆ ನಾಳೆ ಯಾರಾದ್ರೂ ಸಾಯ್ತಾರೆ. ಇಡೀ ಲೈನ್ ಎಲ್ಲೆಲ್ಲಿ ಏನಾಗದೆ ಅಂತ ಪೂರ್ತಿ ಗೊತ್ತಿರೋರು ಯಾರು ಸರ್ ಇಲ್ಲಿ? ಅವ್ರನ್ನ ಕರೀರಿ, ನಾನು ಅವ್ರ ಜೊತೆ ಮಾತಾಡ್ತೀನಿ."

ಮಹಾದೇವಯ್ಯನವರೇ ಹೇಳಿದರು, "ನಂಗೂ ಪೂರ್ತಿ ಗೊತ್ತಿಲ್ಲಮ್ಮ. ಒಬ್ಬರ ತಲೇಲಿ ಹಿಡಿಯೋ ಹಂಗೆ ಇಲ್ಲ ಅದು ಈಗ. ವಾರಕ್ಕೊಂದು ಹೊಸ ಸೋಲಾರ್ ಬರ್ತದೆ. ಗಾಡಿ ಚಾರ್ಜ್ ಮಾಡೋ ಸ್ಟೇಷನ್ ಬರ್ತದೆ. ನಾನೂ ನಿಮ್ಮಂಗೇ ಓಡ್ತಾ ಇದೀನಿ ಅದ್ರ ಹಿಂದೆ."

ಅವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಅವರೂ ಸುಸ್ತಾದವರೇ.

ಹೇಳಿಕೆಯನ್ನು ಹರಿದು ಹಾಕಲಿಲ್ಲ, ಆದರೆ ಅವತ್ತು ಯಾರೂ ಸಹಿ ಮಾಡಲಿಲ್ಲ. ಅದರ ಬದಲು ಮಹಾದೇವಯ್ಯನವರು ಎರಡು ಆದೇಶ ಕೊಟ್ಟರು. ಹೆಸರುಗಳೆಲ್ಲ ಸರಿಯಾಗುವವರೆಗೆ ದಾಸನಕಟ್ಟೆಯ ಲೈನುಗಳಲ್ಲಿ ತಾನಾಗಿ ಕರೆಂಟು ಕೊಡುವ ವ್ಯವಸ್ಥೆ ಬಂದ್. ಶೃತಿ ಮತ್ತು ಪ್ರೇಮಲತಾ ಕೂಡಿ ಲೈನುಗಳನ್ನು ನಡೆದು ನೋಡಿ, ಪ್ರತಿ ಪೆಟ್ಟಿಗೆಗೂ ಪರದೆಯಲ್ಲಿರುವ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಅದು ಒಂದು ವಾರದ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದರು. ಮಳೆಗಾಲ ಮುಗಿಯಿತು, ರಾಗಿ ಕೊಯ್ಲು ಬಂತು, ಕೆಲಸ ಮುಗಿಯಲಿಲ್ಲ. ಇಬ್ಬರೂ ಪ್ರೇಮಲತಾಳ ಸ್ಕೂಟರಿನಲ್ಲಿ ಹೋಗುವುದು, ತೋಟದ ಬೇಲಿ ನುಸುಳುವುದು, ನಾಯಿಗಳಿಂದ ತಪ್ಪಿಸಿಕೊಳ್ಳುವುದು, ಕಂಬದ ಕೆಳಗೆ ನಿಂತು ಮೊಬೈಲಿನಲ್ಲಿ ನಕ್ಷೆ ನೋಡುವುದು. ನಕ್ಷೆಯಲ್ಲಿದ್ದ ಪೆಟ್ಟಿಗೆ ಕಂಬದ ಮೇಲೆ ಇರುತ್ತಿರಲಿಲ್ಲ. ಕಂಬದ ಮೇಲಿದ್ದದ್ದು ನಕ್ಷೆಯಲ್ಲಿ ಇರುತ್ತಿರಲಿಲ್ಲ. ಒಂದು ಲೈನ್ ಮುಗಿಸಿ ಬಂದರೆ, ಹಿಂದಿನ ವಾರ ಮುಗಿಸಿದ ಲೈನಿನಲ್ಲಿ ಯಾರೋ ಕೋಳಿ ಫಾರಂ ಮೇಲೆ ಸೋಲಾರ್ ಹಾಕಿಸಿರುತ್ತಿದ್ದರು.

"ಮೇಡಂ, ಇದು ಮುಗಿಯತ್ತಾ?" ಎಂದು ಶೃತಿ ಒಂದು ಮಧ್ಯಾಹ್ನ ತೆಂಗಿನ ಮರದ ನೆರಳಲ್ಲಿ ಕೂತು ಕೇಳಿದಳು. ಕಾಲಿಗೆಲ್ಲ ಮುಳ್ಳು ತರಚಿತ್ತು. "ನಾನು ಓದಿದ್ದು ಬೇರೆ. ಪೇಪರಲ್ಲಿ ಇದೆಲ್ಲಾ ಎಷ್ಟ್ ನೀಟಾಗಿರತ್ತೆ ಗೊತ್ತಾ?"

"ಅಂತರಸನಹಳ್ಳಿ ಫ್ಯಾಕ್ಟರಿಗೆ ಸೇರ್ಕೊಂಡಿದ್ರೆ ನೀಟಾಗಿರ್ತಿತ್ತು. ಇಲ್ಲಿಗ್ಯಾಕ್ ಬಂದ್ರಿ?"

"ಗೌರ್ಮೆಂಟ್ ಕೆಲ್ಸ ಅಂತ ಮನೇಲಿ," ಎಂದಳು ಶೃತಿ. ಇಬ್ಬರೂ ನಕ್ಕರು. ಡಬ್ಬಿ ಬಿಚ್ಚಿ ಚಿತ್ರಾನ್ನ ಹಂಚಿಕೊಂಡರು. ಪರದೆಯ ಮೇಲೆ ಒಂದು ಸಲಕ್ಕೆ ಎಷ್ಟು ಎಚ್ಚರಿಕೆಯ ಸದ್ದುಗಳು ಬರುತ್ತವೆ, ಅದರಲ್ಲಿ ಯಾವುದು ನಿಜ ಯಾವುದು ಅಳಿಲು ಓಡಿದ್ದು ಎಂದು ತಿಳಿಯದೆ ಹೇಗೆ ತಲೆ ಸಿಡಿಯುತ್ತದೆ ಎಂದು ಶೃತಿ ಹೇಳಿದಳು. "ಬ್ರೇಕರ್ ಆನಾ ಆಫಾ ಅಂತ ನಿಮ್ಮನ್ನ ಕೇಳೋದು ಯಾಕ್ ಗೊತ್ತಾ ಮೇಡಂ? ನಂಬೋಕೆ ಯಾರಾದ್ರೂ ಬೇಕಲ್ಲ ಅಂತ." ಪ್ರೇಮಲತಾಗೆ ತಾನು ಫೋನಿನಲ್ಲಿ ಆಡಿದ್ದ ಮಾತುಗಳು ಚುಚ್ಚಿದವು. ಅವಳು ತನ್ನ ಪಾಲಿನ ಹಪ್ಪಳವನ್ನು ಅತ್ತ ಸರಿಸಿದಳು.

ಇತ್ತ ಶಿವರಾಮಯ್ಯನವರ ಬೈಗುಳ ಬೇರೆ ದಿಕ್ಕು ಹಿಡಿಯಿತು. ತಾನಾಗಿ ಕರೆಂಟು ಕೊಡುವ ವ್ಯವಸ್ಥೆ ಬಂದ್ ಆದ ಮೇಲೆ, ಒಮ್ಮೆ ಹೋದರೆ ಮೊದಲಿನ ಹಾಗೆ ಲೈನ್‌ಮ್ಯಾನ್ ಹೋಗಿ ಹುಡುಕಿ ಸರಿಮಾಡುವವರೆಗೆ ಬರುತ್ತಿರಲಿಲ್ಲ.

"ಏನಮ್ಮ, ಈಚೆಗೆ ಹೋದ್ರೆ ಕಣ್ಮುಚ್ಚಿ ಬಿಡೋದ್ರಲ್ಲಿ ಬರ್ತಿತ್ತು. ಈಗ ಮತ್ತೆ ಹಳೇ ಚಾಳಿ ಶುರು ಹಚ್ಕೊಂಡ್ರಾ?"

"ಅದೇ ಕಣ್ಮುಚ್ಚಿ ಬಿಡೋದ್ರಲ್ಲಿ ಒಬ್ಬ ಮನುಷ್ಯನ ಕೈ ಸುಟ್ಟೋಯ್ತು ಯಜಮಾನ್ರೆ."

"ಅದೂ ದಿಟವೇ ಅನ್ನು," ಎಂದರು. ಆಮೇಲೆ, "ಆದ್ರೂ ತ್ರೀ ಫೇಸ್ ಯಾವಾಗ?"

ಅಣ್ಣಯ್ಯಪ್ಪ ವಾಸಿಯಾಗಿ ಬಂದ. ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಕಂಬ ಹತ್ತುವ ಕೆಲಸ ಬಿಡಿಸಿ ಲೈನ್ ತಪಾಸಣೆಗೆ ಹಾಕಿದ್ದರು. ಬಂದ ಮೊದಲ ದಿನ ಸಬ್‌ಸ್ಟೇಷನ್ನಿನ ಬಾಗಿಲಲ್ಲಿ ನಿಂತು, ಹೆಂಡತಿ ಕೊಟ್ಟು ಕಳಿಸಿದ್ದ ಹುರುಳಿಕಾಯಿ ಚೀಲವನ್ನು ಎಡಗೈಯಲ್ಲಿ ಚಾಚಿದ.

"ಅವತ್ತು ನೀವು ಕಾಟ ಕೊಡ್ದೆ ಇದ್ದಿದ್ರೆ ನಾನಿರ್ತಿರ್ಲಿಲ್ಲ ಪ್ರೇಮಮ್ಮ."

"ಮನೇಲಿ ಕೇಳ್ತಾರಾ ಇನ್ನೂ? ಯಾರ್ ಕೊಟ್ರು ಅಂತ?"

"ಮೋಡ ಸರೀತು, ಅದಕ್ಕೇ ಬಂತು ಅಂದೆ. ಇನ್ನೂ ಔಷಧೀ ಅಮಲು ಇಳಿದಿಲ್ಲ ಅಂತ ಅಂದ್ಕೊಂಡ್ಳು."

ಸುದ್ದಿ ನಿಜವಾಯಿತು. ಬೇಸಿಗೆ ಬರುವ ಹೊತ್ತಿಗೆ ದಾಸನಕಟ್ಟೆ ಸಬ್‌ಸ್ಟೇಷನ್ನಿಗೆ ಆಪರೇಟರ್ ಬೇಡವೆಂದಾಯಿತು. ಗೇಟಿಗೊಬ್ಬ ಕಾವಲುಗಾರ, ಅಂಗಳದ ತುಂಬ ಕ್ಯಾಮೆರಾ. ಪ್ರೇಮಲತಾಳನ್ನು ತುಮಕೂರಿನ ಕಂಟ್ರೋಲ್ ರೂಮಿಗೆ ಹಾಕಿದರು. ಅಷ್ಟು ವರ್ಷ ಯಾವ ಕೋಣೆಯನ್ನು ಬೈದಿದ್ದಳೋ ಅದೇ ಕೋಣೆಯಲ್ಲಿ ಶೃತಿಯ ಪಕ್ಕದ ಕುರ್ಚಿ. ಕುಣಿಗಲ್ಲಿನಿಂದ ಬಸ್ಸಿನಲ್ಲಿ ಓಡಾಟ. ಗೋಡೆಯಷ್ಟಗಲದ ಪರದೆಯ ಮೇಲೆ ಹಸಿರು ಕೆಂಪು ಗೆರೆಗಳು, ಮಿನುಗುವ ಚುಕ್ಕಿಗಳು, ಬಿಡುವಿಲ್ಲದ ಕೀಚು ಸದ್ದು. ಮೊದಲ ವಾರ ಸಂಜೆ ಮನೆಗೆ ಬಂದರೆ ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದಳು.

ತಾನಾಗಿ ಕರೆಂಟು ಕೊಡುವ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿದ್ದರು. ಒಂದು ಹೊಸ ನಿಯಮ ಸೇರಿತ್ತು. ಎಲ್‌ಸಿ ಕೇಳುವವನು ತನ್ನ ಕಂಬದ ಎರಡೂ ಕಡೆಯ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದಿ ಹೇಳಬೇಕು. ಪರದೆಯ ಮುಂದೆ ಕೂತವರು ಅದನ್ನೇ ಮತ್ತೆ ಓದಿ ಹೇಳಬೇಕು. ಎರಡೂ ಕೂಡಿದ ಮೇಲೆ ಟ್ಯಾಗ್. ನಿಯಮ ಒಳ್ಳೆಯದೇ. ಆದರೆ ಎರಡು ಪೆಟ್ಟಿಗೆಗಳ ನಡುವೆ ಎಷ್ಟೋ ಸಲ ಮೈಲಿಗಟ್ಟಲೆ ಅಂತರ. ಮೊದಲ ದಿನವೇ ರಂಗನಾಥ ಫೋನಿನಲ್ಲಿ ರೇಗಿದ.

"ಮೇಡಂ, ಆ ಪೆಟ್ಟಿಗೆ ಓದೋಕೆ ಇನ್ನೊಂದೂರಿಗೆ ಹೋಗ್ಬೇಕು. ಜನ ಇಲ್ಲಿ ನನ್ನ ಸುತ್ತ ನಿಂತವ್ರೆ, ಬೈತಾವ್ರೆ."

"ಬೈಸ್ಕೊಂಡು ಹೋಗಿ ಓದ್ಕೊಂಡ್ ಬನ್ನಿ."

"ನೀವೇ ಬರೆಸಿದ್ದಲ್ವಾ, ನಿಮಗೆ ಗೊತ್ತಿರಲ್ವಾ?"

"ನಾನು ಬರೆಸಿದ್ದು ರಾಗಿ ಕೊಯ್ಲಲ್ಲಿ. ಆಮೇಲೆ ಏನೇನು ಬದ್ಲಾಗದೋ ನಂಗೇನ್ ಗೊತ್ತು?"

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ತಲೆ ಕೆಟ್ಟಿತು. ರಂಗನಾಥ ಬೈಕ್ ತೆಗೆದುಕೊಂಡು ಹೋದ. ಅವನ ಫೋನಿಗೆ ಕಾಯುತ್ತಾ ಅವಳು ಪರದೆ ನೋಡುತ್ತಾ ಕೂತಳು. ಅಷ್ಟು ಹೊತ್ತೂ ಹಳ್ಳಿಯವರ ದೂರುಗಳು ಬರುತ್ತಲೇ ಇದ್ದವು. ಈಗ ಅವಳ ಬಳಿ ಉತ್ತರವೇನೋ ಇತ್ತು, ಆದರೆ ಹೇಳಿ ಮುಗಿಸಲು ಅರ್ಧ ಗಂಟೆ ಬೇಕಿತ್ತು.

ಯುಗಾದಿ ಕಳೆದ ಒಂದು ಸೋಮವಾರ ಬೆಳಿಗ್ಗೆ ಅವಳು ಬಸ್ಸಿಗೆ ಹೊರಡಬೇಕು ಎನ್ನುವಾಗ ಮನೆ ಮುಂದೆ ಟೆಂಪೊ ಬಂದು ನಿಂತಿತು. ಇಬ್ಬರು ಗಾಜಿನ ಫಲಕಗಳನ್ನು ಇಳಿಸತೊಡಗಿದರು.

"ಏನ್ರಿ ಇದು?" ಎಂದು ಗಂಡನನ್ನು ಕೇಳಿದಳು.

"ಸೋಲಾರ್. ಹೇಳ್ಬೇಕು ಅಂದ್ಕೊಂಡೆ, ನಿನ್ನ ಮುಖ ನೋಡಿ ಧೈರ್ಯ ಬರ್ಲಿಲ್ಲ," ಎಂದ ನಾಗೇಶ್. "ಬೀದೀಲಿ ಎಲ್ರೂ ಹಾಕಿಸ್ತಾವ್ರೆ ಕಣೇ. ಬಿಲ್ ಕಮ್ಮಿ ಆಗತ್ತೆ. ಹೆಚ್ಚಾಗಿದ್ದು ಲೈನಿಗೆ ಹೋಗತ್ತಂತೆ."

ಪ್ರೇಮಲತಾ ಬ್ಯಾಗನ್ನು ಮೆಟ್ಟಿಲ ಮೇಲಿಟ್ಟಳು. ಟೆಂಪೊದವನ ಹತ್ತಿರ ಹೋದಳು.

"ಲೈನ್‌ನಲ್ಲಿ ಕರೆಂಟ್ ನಿಲ್ಸಿದಾಗ ಇದು ವಾಪಸ್ ಕೊಡಲ್ಲ ತಾನೆ?"

"ಕೊಡಲ್ಲ ಮೇಡಂ. ತಾನೇ ಆಫ್ ಆಗತ್ತೆ. ಆಟೊಮೆಟಿಕ್."

ಅವಳು ಶೃತಿಗೆ ಫೋನು ಮಾಡಿದಳು. ತನ್ನ ಮನೆಯ ಕಂಬದ ನಂಬರು ಹೇಳಿ, ಪರದೆಯ ಮೇಲೆ ಅಲ್ಲೊಂದು ಸೋಲಾರ್ ಚುಕ್ಕಿ ಇವತ್ತೇ ಹಾಕಿಬಿಡಿ ಎಂದಳು.

"ನಾನು ಹಾಕೋಕ್ ಬರಲ್ಲ ಮೇಡಂ," ಎಂದಳು ಶೃತಿ. "ಅದಕ್ಕೀಗ ಬೇರೆ ಸೆಕ್ಷನ್ ಆಗಿದೆ. ನೀವು ಅರ್ಜಿ ಹಾಕ್ಬೇಕು, ಅವ್ರು ಬಂದು ನೋಡ್ಬೇಕು. ಎರಡು ಮೂರು ತಿಂಗಳಾಗತ್ತೆ."

"ಅಲ್ಲೀವರ್ಗೂ?"

"ಅಲ್ಲೀವರ್ಗೂ ಇಲ್ಲ ಅಂತ್ಲೇ ಲೆಕ್ಕ."

ಬಸ್ಸು ಹೋಗಿಬಿಟ್ಟಿತ್ತು. ಪ್ರೇಮಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫಲಕ ಹೊತ್ತವರ ಹಿಂದೆ ತಾರಸಿಯ ಮೆಟ್ಟಿಲು ಹತ್ತಿದಳು. "ಕೈಯಲ್ಲಿ ಆಫ್ ಮಾಡೋ ಮೇನ್ ಸ್ವಿಚ್ ಎಲ್ಲಿ ಕೂರಿಸ್ತೀರಾ, ಮೊದ್ಲು ಅದನ್ನ ತೋರ್ಸಿ," ಎಂದಳು.